ಗೆದ್ದಲು ತಿಂದಿತೆಂದು ಬರೆದುಕೊಟ್ಟವನು

ಆ ಭಾನುವಾರ ಶಿಕಾಗೋ ಪಕ್ಕದ ಸ್ಕೋಕಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ಬಡಿಯುತ್ತಿದ್ದೆ. ಎಪ್ಪತ್ತರ ದಶಕದ ಆರಂಭ ಅದು, ಬಿಳಿಜೋಳ ಅಲ್ಲೆಲ್ಲಿ ಸಿಗಬೇಕು? ಧಾರವಾಡದವನ ಹೊಟ್ಟೆ ರೊಟ್ಟಿ ಕೇಳುತ್ತಿತ್ತು, ಸಿಕ್ಕ ಹಿಟ್ಟು ಬಡಿದರೆ ಅರ್ಧಕ್ಕೇ ಸೀಳುತ್ತಿತ್ತು. ಹೆಂಡತಿ ಮೈಸೂರಿನವಳು, ಡಾಕ್ಟರು. ಅವಳ ಕೆಲಸದ ಮೇಲೆಯೇ ನಾವು ಶಿಕಾಗೋಗೆ ಬಂದದ್ದು. ನಾನು ಅವಳ ವೀಸಾದ ಸೆರಗು ಹಿಡಿದು ಬಂದವನು, ಡೌನ್‌ಟೌನಿನ ಒಂದು ವಿಮಾ ಕಂಪನಿಯಲ್ಲಿ ಟೈಪಿಸ್ಟ್. ಆಫ್ರಿಕಾದ್ದೂ ಸೇರಿ ಇಪ್ಪತ್ತು ವರ್ಷದ ಅನುಭವ ಇಟ್ಟುಕೊಂಡು, ನಿನ್ನೆ ಮೊನ್ನೆ ಹೈಸ್ಕೂಲು ಮುಗಿಸಿದ ಹುಡುಗಿಯರ ಸಾಲಿನಲ್ಲಿ ಕೂತು ಟೈಪು ಹೊಡೆಯುತ್ತಿದ್ದೆ.

ಅವಳು ಅಂದು ಊಟಕ್ಕೆ ಒಬ್ಬ ನರ್ಸನ್ನು ಕರೆತಂದಿದ್ದಳು. ಡೆಟ್ರಾಯಿಟ್‌ನ ಆಸ್ಪತ್ರೆಯೊಂದರಿಂದ ಆರು ವಾರದ ತರಬೇತಿಗೆ ಇವಳ ವಾರ್ಡಿಗೆ ಬಂದಿದ್ದ ಆಫ್ರಿಕಾದ ಹೆಣ್ಣುಮಗಳು.

“ರೀ, ಇವರು ನಿಮ್ಮ ಆಫ್ರಿಕಾದವರೇ ಕಣ್ರೀ. ಆ ಬೆಟ್ಟದ ಜಿಲ್ಲೆ ಅಂತಿದ್ರಲ್ಲ, ಅಲ್ಲಿಯವರಂತೆ,” ಎಂದಳು ಬಾಗಿಲಲ್ಲೇ.

ಆಕೆ ನನ್ನ ಮುಖವನ್ನು ನೋಡಿದಳು, ಹಿಟ್ಟು ಮೆತ್ತಿದ ಕೈಯನ್ನು ನೋಡಿದಳು. ಆಮೇಲೆ ಮೆಲ್ಲಗೆ “ಕರಾನಿ” ಎಂದಳು. ಸ್ವಾಹಿಲಿಯಲ್ಲಿ ಕರಾನಿ ಎಂದರೆ ಕಾರಕೂನ. ಆ ಜಿಲ್ಲೆಯಲ್ಲಿ ಇದ್ದ ಭಾರತದ ಕಾರಕೂನ ಒಬ್ಬನೇ, ಅದು ನಾನು. ಆಗ ಗುರುತು ಹತ್ತಿತು. ಹತ್ತು ವರ್ಷದ ಹುಡುಗಿಯಾಗಿ ಅಪ್ಪನ ಕೈ ಹಿಡಿದು ನನ್ನ ಆಫೀಸಿಗೆ ಬರುತ್ತಿದ್ದವಳು, ನಾನು ಬೆಲ್ಲ ಕೊಟ್ಟರೆ ಮುಷ್ಟಿಯಲ್ಲಿ ಕರಗುವವರೆಗೆ ಹಿಡಿದುಕೊಂಡೇ ನಿಲ್ಲುತ್ತಿದ್ದವಳು.

ನನ್ನ ಹರಕು ರೊಟ್ಟಿಯನ್ನು ಆಕೆ ಬಹಳ ಖುಷಿಯಿಂದ ತಿಂದಳು. ಮೆಕ್ಕೆಜೋಳ ಅವಳ ಮನೆಯ ಹಿಟ್ಟು. ಊಟವಾದ ಮೇಲೆ, ಕೈ ತೊಳೆದುಕೊಂಡು ಬಂದು, ನನ್ನ ಎದುರಿಗೆ ಕೂತು ಕೇಳಿದಳು: “ಕರಾನಿ, ಅಪ್ಪನ ಕಡತವನ್ನು ನಿಜವಾಗಲೂ ಗೆದ್ದಲು ತಿಂತಾ?”

ಇದನ್ನು ವಿವರಿಸಬೇಕೆಂದರೆ ನಮ್ಮ ಬ್ರಿಟಿಷ್ ಸಾಹೇಬರ ವಿಷಯ ಹೇಳಬೇಕು. ಪೂರ್ವ ಆಫ್ರಿಕಾದ ಆ ದೇಶದ ಹೆಸರು ಬೇಡ, ಆ ಜನಕ್ಕೂ ಮರ್ಯಾದೆ ಇದೆ. ಸಾಹೇಬರು ಇಪ್ಪತ್ಮೂರನೆಯ ವಯಸ್ಸಿಗೆ ಅಲ್ಲಿಗೆ ಬಂದವರು. ಗ್ರೀಕ್ ಓದಿದ್ದರು. ಗ್ರೀಕ್ ಓದಿದವರಿಗೆ ಆ ಬೆಟ್ಟದಲ್ಲಿ ತಲೆಗಂದಾಯ ವಸೂಲಿ ಮಾಡುವ, ಹೆಂಡತಿ ಓಡಿಹೋದ ಜಗಳ ತೀರಿಸುವ, ರಸ್ತೆಗೆ ಜಲ್ಲಿ ಹಾಕಿಸುವ ಕೆಲಸ. ಕಾಲ್ನಡಿಗೆಯಲ್ಲಿ ಜಿಲ್ಲೆ ಸುತ್ತುತ್ತಿದ್ದರು. ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಲಂಚ ಮುಟ್ಟಿದವರಲ್ಲ, ಯಾರಿಗೂ ಕೈ ಎತ್ತಿದವರಲ್ಲ. ಜಿಲ್ಲಾಧಿಕಾರಿಯಾಗುವ ಹೊತ್ತಿಗೆ ತಮ್ಮನ್ನು ಆ ಬೆಟ್ಟದ ತಂದೆ ಎಂದೇ ತಿಳಿದುಕೊಂಡಿದ್ದರು. ನಾನು ಒಂಬತ್ತು ವರ್ಷ ಅವರ ಸ್ಟೆನೊ, ಹೆಡ್ ಕಾರಕೂನ, ಬೇಕಾದಾಗ ದುಭಾಷಿ. ಇಷ್ಟೆಲ್ಲ ಆದಮೇಲೂ ಬಹುವಚನ ಬಿಟ್ಟು ಅವರ ಬಗ್ಗೆ ಬರೆಯಲು ನನ್ನ ಕೈ ಬರುವುದಿಲ್ಲ, ನೋಡಿ.

ಅವರ ಕೆಲಸದ ರೀತಿ ಹೀಗೆ. ಅವರು ಹೇಳುವುದು, ನಾನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವುದು, ಟೈಪು ಮಾಡಿ ಮುಂದಿಡುವುದು. ಅವರು ನೀಲಿ ಪೆನ್ಸಿಲಿನಿಂದ ಹೊಡೆದು ತಿದ್ದುವುದು, ನಾನು ಮತ್ತೆ ಫೇರ್ ಕಾಪಿ ಮಾಡುವುದು. ಎರಡು ಸಲ, ಮೂರು ಸಲ. ದೊಡ್ಡ ಕಾಗದಗಳಾದರೆ ಮೊದಲ ಕರಡನ್ನೇ “ನೀನೇ ಬರಿ” ಎನ್ನುತ್ತಿದ್ದರು. ಕಡತ ಎಲ್ಲಿದೆ, ಯಾವುದರ ನಂಬರು ಯಾವುದು ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ಹೆಣ್ಣುಮಗಳ ಅಪ್ಪ ಮೇಲಿನ ಹಳ್ಳಿಯ ಹಿರಿಯ. ಹಳ್ಳಿಯ ಹುಲ್ಲುಗಾವಲನ್ನೂ ಅದರ ಮಗ್ಗುಲಿನ ನೀರಿನ ಒರತೆಯನ್ನೂ ಸರ್ಕಾರ ಕಾಫಿ ಸಸಿಗಳ ತೋಟಕ್ಕೆಂದು ಐದು ವರ್ಷದ ಮಟ್ಟಿಗೆ ತೆಗೆದುಕೊಂಡಿತು. ಐದು ವರ್ಷ ಮುಗಿದ ದಿನ ವಾಪಸು ಕೊಡುತ್ತೇವೆಂದು ಸಾಹೇಬರೇ ಪತ್ರ ಬರೆಸಿದರು, ಸಹಿ ಮಾಡಿದರು, ಮರದ ಕೆಳಗೆ ಸಭೆ ಸೇರಿಸಿ ಓದಿದರು. ಹಿರಿಯ ಆ ಕಾಗದಕ್ಕೆ ಕೈ ಚಾಚಿದ. ಸಾಹೇಬರು ನಕ್ಕು, “ನಿನ್ನ ಗುಡಿಸಲಲ್ಲಿ ಇದನ್ನು ಗೆದ್ದಲು ತಿಂದುಹಾಕುತ್ತೆ, ನನ್ನ ಆಫೀಸಿನಲ್ಲಿ ಭದ್ರವಾಗಿರುತ್ತೆ” ಎಂದರು. ಅದನ್ನು ಸ್ವಾಹಿಲಿಯಲ್ಲಿ ಹೇಳಿದವನು ನಾನು. ನನಗೂ ಆಗ ಅದು ಸರಿಯೆಂದೇ ಕಂಡಿತ್ತು.

ಆಮೇಲೆ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಆ ಹಿರಿಯ ಮಗಳನ್ನು ಕರೆದುಕೊಂಡು ಎಂಟು ಮೈಲಿ ನಡೆದು ಬರುತ್ತಿದ್ದ. ಅರ್ಜಿಯಿಲ್ಲ, ತಕರಾರಿಲ್ಲ. “ಇದೆಯಾ?” ಎನ್ನುತ್ತಿದ್ದ. ನಾನು ಕಡತ ತೆಗೆದು, ಕೆಂಪು ದಾರ ಬಿಚ್ಚಿ, ಪತ್ರ ತೋರಿಸಿ “ಇದೆ” ಎನ್ನುತ್ತಿದ್ದೆ. ಓದಲು ಬಾರದವನು, ಆದರೂ ಸಾಹೇಬರ ಸಹಿಯನ್ನು ಬೆರಳಿಂದ ಮುಟ್ಟಿ, ಸಮಾಧಾನವಾಗಿ ಹೊರಟುಹೋಗುತ್ತಿದ್ದ.

ಐದು ವರ್ಷ ಮುಗಿಯುವ ಮುನ್ನವೇ ಬ್ರಿಟಿಷರು ಹೊರಡುವ ಕಾಲ ಬಂತು. ರಾಜಧಾನಿಯಿಂದ ಗುಟ್ಟಿನ ಆದೇಶ: ಸರ್ಕಾರಕ್ಕೆ ಮುಜುಗರ ತರುವ ಕಾಗದಗಳನ್ನು ಹೊಸಬರ ಕೈಗೆ ಬಿಡಬೇಡಿ, ಸುಡಿ, ಬಿಳಿಯ ಅಧಿಕಾರಿಗಳ ಹೊರತು ಯಾರೂ ಅವನ್ನು ಮುಟ್ಟಕೂಡದು. ಸಾಹೇಬರು ಒಂದು ಗಂಟೆ ಕಪಾಟಿನ ಮುಂದೆ ನಿಂತು ನೋಡಿದರು. ಒಂದೂ ಗೊತ್ತಾಗಲಿಲ್ಲ. ಆಮೇಲೆ ನನ್ನನ್ನೇ ಕರೆದರು. ಹೀಗಾಗಿ ನಾನು ಮುಟ್ಟಬಾರದ ಕಾಗದಗಳನ್ನೆಲ್ಲ ನಾನೇ ತೆಗೆದುಕೊಟ್ಟೆ. ಮೂರು ಹಗಲು ಆಫೀಸಿನ ಹಿಂದೆ ಎಣ್ಣೆ ಡ್ರಮ್ಮಿನಲ್ಲಿ ಬೆಂಕಿ. ಹುಲ್ಲುಗಾವಲಿನ ಕಡತ ಬಂದಾಗ ನಾನು, “ಸರ್, ಇದರಲ್ಲಿ ನಿಮ್ಮ ಮಾತು ಇದೆ” ಎಂದೆ.

“ಅದಕ್ಕೇ,” ಎಂದರು ಸಾಹೇಬರು.

ತೋಟ ಆಗಲೇ ಒಂದು ಕಂಪನಿಗೆ ಹೋಗುವುದೆಂದು ಮೇಲಿನವರು ನಿರ್ಧರಿಸಿದ್ದರಂತೆ, ಅದು ನನಗೆ ಆಮೇಲೆ ತಿಳಿಯಿತು. ಆದರೆ ಕಡತ ಸುಟ್ಟವರಿಗೆ ಆವಕ-ಜಾವಕ ಪುಸ್ತಕದ ನೆನಪಿರಲಿಲ್ಲ. ಬಂದ ಕಾಗದ, ಹೋದ ಕಾಗದ ಎಲ್ಲಕ್ಕೂ ಅದರಲ್ಲಿ ನಂಬರಿರುತ್ತದೆ, ಅದನ್ನು ಬರೆಯುವವನು ಕಾರಕೂನ, ಯಾವ ಸಾಹೇಬನೂ ಜನ್ಮದಲ್ಲಿ ತೆರೆದು ನೋಡಿದವನಲ್ಲ. ಈ ನಂಬರಿನ ಕಡತ ಎಲ್ಲಿ ಎಂದು ಹೊಸಬರು ಕೇಳಿಯಾರೆಂದು ವಾರ ಬಿಟ್ಟು ನಾನೇ ನೆನಪು ಮಾಡಿದೆ. ನಾನು ನಿಷ್ಠಾವಂತ ಮುಠ್ಠಾಳ! ಸುಮ್ಮನಿದ್ದಿದ್ದರೆ ಏನು ಹೋಗುತ್ತಿತ್ತು? ಸಾಹೇಬರು ಕೂಡಲೇ ಒಂದು ಕಾಗದ ಹೇಳಿ ಬರೆಸಿದರು: ಈ ಕೆಳಕಂಡ ಕಡತಗಳನ್ನು ಗೆದ್ದಲು ತಿಂದು ನಾಶಮಾಡಿದೆ. ಕೆಳಗೆ ಸಹಿ, ಕಡತಗಳ ಜವಾಬ್ದಾರಿ ಹೊತ್ತ ಹೆಡ್ ಕಾರಕೂನನದು. ನನ್ನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಹಿ ಮಾಡಿದೆ. ಮಾಡೆಂದರು, ಮಾಡಿದೆ.

ಬಾವುಟ ಬದಲಾಯಿತು. ಸಾಹೇಬರು ಬೀಗದ ಕೈಯನ್ನು ಹೊಸ ಅಧಿಕಾರಿಗೆ ಕೊಟ್ಟು, ಎಲ್ಲರ ಕೈ ಕುಲುಕಿ ಹೊರಟರು. ಆ ವರ್ಷ ಸುಗ್ಗಿ ಮುಗಿದ ಮೇಲೆ ಹಿರಿಯ ಬಂದ. “ಇದೆಯಾ?” ಎಂದ. ಗೆದ್ದಲು ತಿಂದಿತು ಎಂದೆ. ಅವನು ಜಗಳವಾಡಲಿಲ್ಲ. “ಗೆದ್ದಲು ನಿಮ್ಮ ಆಫೀಸಿಗೆ ಬರೋದಿಲ್ಲ ಅಂದಿದ್ದೆಯಲ್ಲ, ಕರಾನಿ” ಎಂದಷ್ಟೇ ಹೇಳಿದ. ಮಗಳು ಅಂದು ನಾನು ಕೊಟ್ಟ ಬೆಲ್ಲವನ್ನು ಮೇಜಿನ ಮೇಲೆ ಬಿಟ್ಟುಹೋದಳು. ಹೊಸ ಅಧಿಕಾರಿ ನನ್ನ ದೃಢೀಕರಣ ಪತ್ರ ಓದಿ, “ನಿಮ್ಮ ಗೆದ್ದಲಿಗೆ ಜಮೀನಿನ ಕಾಗದವೇ ರುಚಿ ಅಂತ ಕಾಣುತ್ತೆ” ಎಂದು, ಮೂರು ತಿಂಗಳಲ್ಲಿ ನನ್ನನ್ನು ಊರಿಗೆ ಕಳುಹಿಸಿದ. ಊರಿಗೆ ಬಂದ ಮೇಲೆಯೇ ನನ್ನ ಮದುವೆಯಾದದ್ದು.

ಸ್ಕೋಕಿಯ ಊಟದ ಮೇಜಿಗೆ ವಾಪಸು ಬರುತ್ತೇನೆ. “ಗೆದ್ದಲು ತಿನ್ನಲಿಲ್ಲ, ಸುಟ್ಟರು,” ಎಂದೆ ಆಕೆಗೆ. ಹೇಳಲು ಹತ್ತು ವರ್ಷ ಹಿಡಿಯಿತು. ಆಕೆ ತಲೆಯಾಡಿಸಿದಳು. ಅವಳ ಅಪ್ಪ ಬದುಕಿದ್ದ, ಕಣ್ಣು ಹೋಗಿತ್ತು. ಆ ಜಮೀನನ್ನು ಶಾಶ್ವತವಾಗಿ ಕಂಪನಿಗೆ ಬರೆದುಕೊಡುವ ಮುಂಚೆ ಹೊಸ ಸರ್ಕಾರ ವಿಚಾರಣೆ ಇಟ್ಟಿತ್ತು. ಹಳ್ಳಿಯ ಕಡೆ ಒಂದು ಚೂರು ಕಾಗದವೂ ಇಲ್ಲ. ಹೀಗೊಂದು ಮಾತು ಕೊಟ್ಟಿದ್ದರು ಎಂದು ಗೊತ್ತಿದ್ದವರು ಬರೆದುಕೊಟ್ಟರೆ ಹುಲ್ಲುಗಾವಲು ಉಳಿಯುತ್ತದೆ. ಮಳೆಗಾಲದ ಮೊದಲು ತಲುಪಬೇಕು ಎಂದಳು.

“ಆ ಸಾಹೇಬರು ಇಲ್ಲೇ ಇದ್ದಾರೆ. ನಾನು ಬರೆಸಿಕೊಡ್ತೀನಿ,” ಎಂದೆ. ಮಾತು ಕೊಟ್ಟೆ. ಆ ಮನೆತನಕ್ಕೆ ಮಾತು ಕೊಟ್ಟವರಲ್ಲಿ ನಾನು ಎರಡನೆಯವನು.

ಸಾಹೇಬರು ಇಲ್ಲೇ ಇದ್ದದ್ದು ನಿಜ. ನಲವತ್ತೊಂದನೆಯ ವಯಸ್ಸಿಗೇ ಅವರ ಉದ್ಯೋಗ ಮುಗಿದಿತ್ತು. ಆಳುವುದೊಂದೇ ಕಲಿತವರು, ಆಳಲು ದೇಶಗಳೇ ಉಳಿದಿರಲಿಲ್ಲ. ಹೇಗೋ ಶಿಕಾಗೋ ಪಕ್ಕದ ಒಂದು ಕಾಲೇಜಿಗೆ ಬಂದು, ಸಾಮ್ರಾಜ್ಯ ಬಿಟ್ಟುಕೊಡುವುದು ಹೇಗೆಂದು ಅಮೇರಿಕದ ಹುಡುಗರಿಗೆ ಪಾಠ ಹೇಳುತ್ತಿದ್ದರು. ನಮ್ಮ ಲೈಬ್ರರಿಯಲ್ಲಿ ಅವರ ಉಪನ್ಯಾಸ ಇದೆಯೆಂಬ ಚೀಟಿಯನ್ನು ನಾನು ಎರಡು ವಾರದಿಂದ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ.

ಹೋದೆ. ಮೂರನೆಯ ಸಾಲಿನಲ್ಲಿ ಕೂತೆ. ಸಾಹೇಬರ ಕೂದಲು ಬೆಳ್ಳಗಾಗಿತ್ತು, ದನಿ ಅದೇ. ಕೊನೆಗೆ ಒಂದು ನಗೆಯ ಕಥೆ ಹೇಳಿದರು. ಅವರ ಆಫೀಸಿನಲ್ಲಿ ಒಬ್ಬ ಭಾರತದ ಗುಮಾಸ್ತನಿದ್ದನಂತೆ. ಬಹಳ ಸಂಭಾವಿತ. ಅರ್ಧ ದಾಖಲೆಗಳನ್ನು ಗೆದ್ದಲಿಗೆ ತಿನ್ನಿಸಿ, ಅದಕ್ಕೊಂದು ಸರ್ಟಿಫಿಕೇಟನ್ನೂ ಬರೆದು ಸಹಿ ಹಾಕಿಟ್ಟನಂತೆ! ಜನ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಸುಳ್ಳು ಹೇಳಲಾರೆ, ನಕ್ಕೆ. ಏಕೆಂದರೆ ಅದೇ ಕಥೆಯನ್ನು ನಾನೂ ಡೌನರ್ಸ್ ಗ್ರೋವ್‌ನಲ್ಲಿ ಕನ್ನಡದವರ ಊಟಗಳಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೆ. “ಅಂಕಲ್, ಆ ಗೆದ್ದಲಿಂದು ಹೇಳಿ ಅಂಕಲ್,” ಎಂದು ಬೆಂಗಳೂರಿನ ಇಂಜಿನಿಯರುಗಳು ದುಂಬಾಲು ಬೀಳುತ್ತಿದ್ದರು. ನನ್ನ ಕಥೆಯಲ್ಲಿ ಪೆದ್ದ ಸಾಹೇಬರು, ಅವರ ಕಥೆಯಲ್ಲಿ ಪೆದ್ದ ನಾನು. ಆ ಹಿರಿಯ ಇಬ್ಬರ ಕಥೆಯಲ್ಲೂ ಇರಲಿಲ್ಲ.

ಉಪನ್ಯಾಸ ಮುಗಿದ ಮೇಲೆ ಎದುರು ಹೋಗಿ ನಿಂತೆ. ಅವರಿಗೆ ಗುರುತು ಸಿಕ್ಕಿತು. ನಾಚಿಕೆಯಿಂದ ಮುಖ ಕೆಂಪಾಯಿತು, ಆದರೆ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಮುಂದಿನ ಶನಿವಾರ ಮನೆಗೆ ಕರೆದರು.

ಎರಡು ಕೋಣೆಯ ಮನೆ, ಗೋಡೆಯ ತುಂಬ ಆ ಬೆಟ್ಟದ ಫೋಟೋಗಳು. ಟೀ ತಾವೇ ಮಾಡಿದರು, ಸಕ್ಕರೆ ಎಲ್ಲಿದೆ ಎಂದು ಮೂರು ಡಬ್ಬಿ ತೆರೆದು ನೋಡಿದರು. ಒಂಬತ್ತು ವರ್ಷ ಅವರ ಕೈಕೆಳಗೆ ದುಡಿದರೂ, ಕೈಯಲ್ಲಿ ನೋಟ್‌ಬುಕ್ ಇಲ್ಲದೆ ಅವರೆದುರು ನಾನು ಕೂತದ್ದು ಅದೇ ಮೊದಲು. ವಿಷಯ ಹೇಳಿದೆ.

“ಅವನು ಬದುಕಿದ್ದಾನಾ? ಒಳ್ಳೆಯ ಮನುಷ್ಯ,” ಎಂದರು. ಕಣ್ಣಲ್ಲಿ ನೀರು ಬಂತು, ನಾನು ನೋಡಿದೆ. ಆಮೇಲೆ ಕೆಮ್ಮಿ, “ಬರೆದುಕೊಡೋಣ. ಕರಡು ನೀನೇ ಮಾಡು,” ಎಂದರು.

ಕರಡು ಮಾಡಿದೆ. ಎರಡು ಪುಟ, ನಡೆದದ್ದು ನಡೆದ ಹಾಗೆ. ನೀಲಿ ಪೆನ್ಸಿಲು ಹೊರಬಂತು, ಅದೇ ನೀಲಿ. ಬೆಂಕಿಯ ಸಾಲುಗಳು ಹೋದವು: “ಆ ಆದೇಶ ಇವತ್ತಿಗೂ ಗುಟ್ಟು, ನನ್ನ ಪಿಂಚಣಿ ಇದೆ.” ಫೇರ್ ಕಾಪಿ ಮಾಡಿಕೊಂಡು ಮುಂದಿನ ಶನಿವಾರ ಹೋದೆ. ಹುಲ್ಲುಗಾವಲಿನ ಪತ್ರಕ್ಕೆ ತಾವು ಸಹಿ ಮಾಡಿದ್ದೆಂಬ ಸಾಲು ಹೋಯಿತು: “ನೆನಪಿನಿಂದ ಅಷ್ಟು ಖಚಿತವಾಗಿ ಹೇಳೋಕಾಗುತ್ತಾ?” ಮೂರನೆಯ ಶನಿವಾರ, ಹುಲ್ಲುಗಾವಲಿನ ಬಗ್ಗೆ ಏನೋ ಮಾತುಕತೆ ಆಗಿದ್ದಿರಬಹುದು ಎಂಬ ಒಂದೇ ಸಾಲು ಉಳಿದಿತ್ತು. ಅದನ್ನೂ ಹೊಡೆದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ಉಳಿದದ್ದು ಇಷ್ಟು: ಇವರು ನನ್ನ ಕೈಕೆಳಗೆ ಒಂಬತ್ತು ವರ್ಷ ದುಡಿದರು, ಪ್ರಾಮಾಣಿಕರು, ದಾಖಲೆಗಳನ್ನು ಇಡುವುದರಲ್ಲಿ ನಿಷ್ಣಾತರು, ಇವರ ಮಾತನ್ನು ಯಾರು ಬೇಕಾದರೂ ನಂಬಬಹುದು. ಸಹಿ.

“ಮಿಕ್ಕದ್ದನ್ನ ನೀನೇ ಬರೆದುಕೊಡಬಹುದಲ್ಲ. ನಿನ್ನನ್ನ ನಂಬಬಹುದು ಅಂತ ನಾನು ಹೇಳಿದೀನಿ,” ಎಂದರು ಬಾಗಿಲಲ್ಲಿ.

ಸಿಟ್ಟಿನಿಂದ ಕುದಿಯುತ್ತ ಮನೆಗೆ ಬಂದೆ. ಹೆಂಡತಿ ಪತ್ರ ಓದಿ ಕೆಳಗಿಟ್ಟಳು.

“ಅಲ್ಲ ರೀ, ಆ ಮನುಷ್ಯ ಹೇಳಿದ್ದು ಸರಿಯಾಗೇ ಇದೆ. ನೀವ್ಯಾಕೆ ಬರೆದುಕೊಡಬಾರದು? ಆ ಶಾರ್ಟ್‌ಹ್ಯಾಂಡ್ ಪುಸ್ತಕ ಟ್ರಂಕಲ್ಲೇ ಇದೆಯಲ್ಲ?”

ಇತ್ತು. ಹಿಂದಿನ ಹಾಳೆಗಳಲ್ಲಿ ಅವ್ವನಿಗೆ ಬರೆದ ಕಾಗದಗಳ ಕರಡು ಇದ್ದುದರಿಂದ ಜಮೀನಿನ ಕಾಗದಗಳಿಗೆಂದೇ ವರ್ಷಗಟ್ಟಲೆ ಬಳಸಿದ ಆ ಪುಸ್ತಕವನ್ನು ಬೆಂಕಿಗೆ ಕೊಟ್ಟಿರಲಿಲ್ಲ. ಮುಂದಿನ ಹಾಳೆಗಳಲ್ಲಿ ಹುಲ್ಲುಗಾವಲಿನ ಪತ್ರ ಅಕ್ಷರ ಬಿಡದೆ ಇತ್ತು, ಸಾಹೇಬರು ಹೇಳಿದ್ದು, ತಾರೀಖಿನ ಸಮೇತ. ಅದೇ ಪುಸ್ತಕದ ಕೊನೆಯ ಕಡೆ ಗೆದ್ದಲಿನ ಕಾಗದವೂ ಇತ್ತು.

“ಬರೆದರ, ಸುಳ್ಳು ಸಹಿ ಮಾಡಿದಾಂವ ನಾನು ಅಂತ ನಾನೇ ಒಪ್ಪಿಕೊಂಡಂಗ ಆಗ್ತದ. ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡೀನಿ. ಸುಳ್ಳು ಹೇಳಿಕೆ ಕೊಟ್ಟೀರೇನು ಅಂತ ಫಾರ್ಮ್‌ನ್ಯಾಗ ಕೇಳ್ತಾರ,” ಎಂದೆ.

“ಅಯ್ಯೋ, ಅವರು ಕೇಳೋದು ಇಲ್ಲಿಯ ಸುಳ್ಳನ್ನ. ನಿಮ್ಮ ಬೆಟ್ಟದ ಗೆದ್ದಲು ಯಾರಿಗೆ ಬೇಕು ಇಲ್ಲಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ ನಾನು. ಅವಳ ಮಾತು ತಲೆಗೆ ಹೋಯಿತು, ಆದರೂ ಫಾರ್ಮಿನ ನಕಲು ತೆಗೆದು ಆ ಪ್ರಶ್ನೆಯನ್ನೇ ಮತ್ತೆ ಓದಿದೆ.

ಡೆಟ್ರಾಯಿಟ್‌ಗೆ ಸುಮಾರು ಮುನ್ನೂರು ಮೈಲಿ. ಒಬ್ಬನೇ ಡ್ರೈವ್ ಮಾಡಿಕೊಂಡು ಹೋದೆ. ಪತ್ರ ಕೋಟಿನ ಜೇಬಿನಲ್ಲಿ, ಪುಸ್ತಕ ಕಾರಿನ ಡಿಕ್ಕಿಯಲ್ಲಿ. ಬರೆದುಕೊಡಬೇಕೆಂದು ಅನಿಸಿದರೆ ಅಲ್ಲೇ ಕೂತು ಬರೆದುಕೊಡೋಣ ಎಂದುಕೊಂಡಿದ್ದೆ. ಆಕೆಯ ಬೀದಿಯಲ್ಲಿ, ಕೆಲವು ವರ್ಷ ಹಿಂದಿನ ಗಲಭೆಯಲ್ಲಿ ಸುಟ್ಟ ಅಂಗಡಿಗಳು ಹಲಗೆ ಹೊಡೆಸಿಕೊಂಡು ಹಾಗೇ ನಿಂತಿದ್ದವು. ಮೂರನೆಯ ಮಹಡಿ. ಆಗತಾನೆ ಡ್ಯೂಟಿ ಮುಗಿಸಿ ಬಂದಿದ್ದಳು, ಬಿಳಿ ಬಟ್ಟೆಯಲ್ಲೇ ಇದ್ದಳು. ನನಗಾಗಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದಳು.

ಪತ್ರ ಕೊಟ್ಟೆ. ಓದಿದಳು. ಮಿಕ್ಕದ್ದು ಹಿಂದೆ ಇರಬಹುದೆಂದು ಹಾಳೆ ತಿರುಗಿಸಿ ನೋಡಿದಳು. ಹಿಂದೆ ಖಾಲಿ.

“ಇದರಲ್ಲಿ ನೀವಿದ್ದೀರಿ, ಕರಾನಿ. ಅಪ್ಪ ಎಲ್ಲಿ?”

ನಾನು ಸಾಹೇಬರನ್ನು ಬೈದೆ. ಮನಸಾರೆ ಬೈದೆ. ನೀಲಿ ಪೆನ್ಸಿಲಿನ ಕಥೆ, ಪಿಂಚಣಿಯ ಕಥೆ, ಇಡೀ ಸಾಮ್ರಾಜ್ಯದ ಕಥೆ ಹೇಳಿದೆ. ಆಕೆ ಕೇಳಿಸಿಕೊಂಡಳು. ನಡುವೆ ಒಂದೇ ಒಂದು ಪ್ರಶ್ನೆ ಕೇಳಿದಳು: “ನಿಮ್ಮ ಹತ್ತಿರ ಏನೂ ಉಳಿದಿಲ್ಲವಾ?”

“ಇಲ್ಲ,” ಎಂದೆ.

ಕಾರು ಕೆಳಗೇ ನಿಂತಿತ್ತು. ಕಿಟಕಿಯಿಂದ ಕಾಣುತ್ತಿತ್ತು. ನಲವತ್ತು ಮೆಟ್ಟಿಲು ಇಳಿದರೆ ಸಾಕಿತ್ತು. ಆಕೆ ಪತ್ರವನ್ನು ಮಡಚಿ ನನ್ನ ಕೈಗೇ ಕೊಟ್ಟು, “ಇದು ನಿಮ್ಮದು, ಒಳ್ಳೆಯ ಪತ್ರ, ಇಟ್ಟುಕೊಳ್ಳಿ,” ಎಂದಳು. ಹಿಟ್ಟಿನ ಮುದ್ದೆ ಬಡಿಸಿದಳು. ಉಂಡೆ. ಅದು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಪತ್ರ ನಿಜಕ್ಕೂ ಒಳ್ಳೆಯದೇ ಆಗಿತ್ತು. ವಿಮಾ ಕಂಪನಿಯಲ್ಲಿ ರೆಕಾರ್ಡ್ಸ್ ವಿಭಾಗದ ಮೇಲ್ವಿಚಾರಕನ ಜಾಗ ಖಾಲಿಯಾದಾಗ ಅರ್ಜಿಯ ಜೊತೆ ಅದನ್ನೇ ಲಗತ್ತಿಸಿದೆ. ಬ್ರಿಟಿಷ್ ಜಿಲ್ಲಾಧಿಕಾರಿಯ ಸಹಿ ನೋಡಿ ಮ್ಯಾನೇಜರು ಬೆರಗಾದ. ಕೆಲಸ ಸಿಕ್ಕಿತು. ಹೆಂಡತಿ ಪಾಯಸ ಮಾಡಲಿಲ್ಲ.

“ಸಾಹೇಬರನ್ನ ಬೈಕೊಂಡೇ ಬದುಕಿಬಿಟ್ರಿ ನೀವು,” ಎಂದಳು. “ಅವರು ಅರ್ಧ ಸುಟ್ರು. ಮಿಕ್ಕರ್ಧ ನೀವು ಟ್ರಂಕಲ್ಲಿ ಇಟ್ಕೊಂಡಿದೀರ.”

ಮರುವರ್ಷ ಸಿಟಿಜನ್‌ಶಿಪ್ ಆಯಿತು. ಅಧಿಕಾರಿ ಐದು ನಿಮಿಷ ಮಾತಾಡಿಸಿದ, ಆಫ್ರಿಕಾದ ಬಗ್ಗೆ ಸಿಂಹ ನೋಡಿದ್ದೀರಾ ಎಂದಷ್ಟೇ ಕೇಳಿದ. ಅದೇ ಶನಿವಾರ ಟೈಪ್‌ರೈಟರ್ ಮುಂದೆ ಕೂತು, ಶಾರ್ಟ್‌ಹ್ಯಾಂಡ್ ಪುಸ್ತಕ ಬಿಡಿಸಿ ಬರೆದೆ. ಹುಲ್ಲುಗಾವಲಿನ ಪತ್ರ, ಬೆಂಕಿ, ಗೆದ್ದಲು, ನನ್ನ ಸಹಿ, ಎಲ್ಲವನ್ನೂ. ತಿದ್ದುವವರು ಯಾರೂ ಇರಲಿಲ್ಲ, ಒಂದೇ ಸಲಕ್ಕೆ ಮುಗಿಯಿತು. ಎರಡು ತಾಸಿನ ಕೆಲಸ. ನೋಟರಿಯ ಮುದ್ರೆ ಹಾಕಿಸಿ, ಪುಸ್ತಕವನ್ನೂ ಜೊತೆಗಿಟ್ಟು ಡೆಟ್ರಾಯಿಟ್‌ಗೆ ಕಳುಹಿಸಿದೆ.

ಮೂರು ವಾರಕ್ಕೆ ಪುಸ್ತಕ ವಾಪಸು ಬಂತು. ಜೊತೆಗೆ ಸ್ವಾಹಿಲಿಯಲ್ಲಿ ಬರೆದ ಒಂದು ಚೀಟಿ. ವಿಚಾರಣೆ ಹಿಂದಿನ ಮಳೆಗಾಲಕ್ಕೇ ಮುಗಿದಿದೆ, ಒರತೆಯ ಸುತ್ತ ಕಂಪನಿಯವರು ಬೇಲಿ ಹಾಕಿದ್ದಾರೆ, ಅಪ್ಪ ಚಳಿಗಾಲದಲ್ಲಿ ತೀರಿಕೊಂಡರು ಎಂದಿತ್ತು. ಕೆಳಗೆ ಇನ್ನೆರಡು ಸಾಲು.

“ಕೊನೆಯವರೆಗೂ ಅಪ್ಪ ನಿಮ್ಮ ಪರವಾಗಿಯೇ ಮಾತಾಡುತ್ತಿದ್ದರು, ಪಾಪ, ಕರಾನಿಯ ಕೈಯಲ್ಲಿ ಇದ್ದಿದ್ದರೆ ಕೊಡುತ್ತಿದ್ದ ಎನ್ನುತ್ತಿದ್ದರು. ಪುಸ್ತಕ ನಿಮ್ಮ ಕೈಯಲ್ಲೇ ಇತ್ತು ಎಂದು ಅವರಿಗೆ ತಿಳಿಯುವ ಮೊದಲೇ ಹೋದರಲ್ಲ, ಅಷ್ಟೇ ನನಗೆ ಸಮಾಧಾನ.”